ಕುರುಹು ಮತ್ತು ಅರಿವು: ಯಂತ್ರ, ಆಕಾಶ ಮತ್ತು ಅಮ್ಮಿಯ ಕಣ್ಣು



ಕಳೆದ ತಿಂಗಳು ದ್ವಿತೀಯ ಪಿಯುಸಿ ತರಗತಿಯಲ್ಲಿ ವಿದ್ಯುತ್ಕಾಂತೀಯ ಅಲೆಗಳ ಪಾಠ ಮುಗಿದಾಗ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಅವನ ಪ್ರಶ್ನೆ ಪಾಠದ್ದಲ್ಲ. "ಸರ್, ಮೊಬೈಲಿನಾಗ ಎಐ ಅದ ಅಲ್ರಿ, ಅದಕ್ಕ ನಾವು ಹೇಳಿದ್ದು ಖರೇನೇ ತಿಳೀತದೇನ್ರಿ?" ಯಾಕೆ ಕೇಳುತ್ತೀಯಪ್ಪಾ ಎಂದೆ. ಅವನ ಅಬ್ಬಾ ಜಿದ್ದಾದಲ್ಲಿ ಕೆಲಸಕ್ಕಿದ್ದಾರೆ. ಎರಡು ವರ್ಷದಿಂದ ಊರಿಗೆ ಬಂದಿಲ್ಲ. ಒಂದು ರಾತ್ರಿ ನಿದ್ದೆ ಬಾರದೆ ಇವನು ಅದನ್ನೆಲ್ಲ ಎಐಗೆ ಬರೆದನಂತೆ. "ನಿನ್ನ ನೋವು ನನಗೆ ಅರ್ಥವಾಗುತ್ತದೆ" ಎಂದು ಅದು ಉತ್ತರಿಸಿತಂತೆ. ತರಗತಿ ನಕ್ಕಿತು. ನಾನು ಒಂದು ಕ್ಷಣವೂ ಯೋಚಿಸದೆ, "ಇಲ್ಲ, ಅದು ಬರೀ ಗಣಿತ. ಅದಕ್ಕೆ ಏನೂ ತಿಳಿಯುವುದಿಲ್ಲ" ಎಂದುಬಿಟ್ಟೆ. ಗಂಟೆ ಹೊಡೆಯಿತು.

ಸಂಜೆ ಹುಮನಾಬಾದಿಗೆ ಹೋಗುವ ಬಸ್ಸಿನಲ್ಲಿ ಕೂತಾಗ ಆ ಉತ್ತರ ನನ್ನನ್ನೇ ಚುಚ್ಚತೊಡಗಿತು. ಉತ್ತರ ತಪ್ಪೆಂದಲ್ಲ. ಅಷ್ಟೇ ಖಚಿತವಾಗಿ, ಅದೇ ಮಾತುಗಳಲ್ಲಿ, "ಏನೂ ತಿಳಿಯುವುದಿಲ್ಲ" ಎಂದು ನಾನು ಹಿಂದೊಮ್ಮೆ ಹೇಳಿದ್ದೆ. ಆಗ ನಾನು ಪೂರ್ತಿ ತಪ್ಪಿದ್ದೆ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ಮೊದಲು ಪ್ರಶ್ನೆಯನ್ನು ಸರಿಯಾಗಿ ಕಲಿಯೋಣ.

ಎರಡು ಪದಗಳು

ನಾವು ಓದುತ್ತಿರುವ ಊರು ಕಲ್ಯಾಣ. 12ನೇ ಶತಮಾನದಲ್ಲಿ ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ ಮತ್ತು ಎಷ್ಟೋ ಕಾಯಕದ ಜನ ಕೂತು ಮಾತಾಡಿದ ನೆಲ. ಅವರ ವಚನಗಳಲ್ಲಿ ಮತ್ತೆ ಮತ್ತೆ ಬರುವ ಎರಡು ಪದಗಳಿವೆ: ಕುರುಹು ಮತ್ತು ಅರಿವು. ಕುರುಹು ಎಂದರೆ ಹೊರಗೆ ಕಾಣುವ ಗುರುತು. ಅರಿವು ಎಂದರೆ ಒಳಗಿನ ಎಚ್ಚರ. ಉರ್ದು ಓದುವವರು ನಿಶಾನ್ ಮತ್ತು ಶಊರ್ ಎಂದುಕೊಳ್ಳಬಹುದು. ವಚನಕಾರರು ಅವನ್ನು ಬಳಸಿದ್ದು ಬೇರೆ ಉದ್ದೇಶಕ್ಕೆ. ನಾನು ಪದಗಳನ್ನಷ್ಟೇ ಸಾಲ ತೆಗೆದುಕೊಳ್ಳುತ್ತೇನೆ. ನಮ್ಮ ಪ್ರಶ್ನೆ ಇಷ್ಟು: ಕುರುಹು ಇದ್ದಲ್ಲೆಲ್ಲ ಅರಿವು ಇರುತ್ತದೆಯೇ? ಕುರುಹು ಇಲ್ಲದಲ್ಲಿ ಅರಿವು ಇಲ್ಲವೇ?

ರೂಹ್ ಬಗ್ಗೆ ಕೇಳಬೇಕೆನ್ನುವವರು ದೀನಿಯಾತ್ ಕಲಿಸುವ ಉಸ್ತಾದರನ್ನು ಕೇಳಿ. ನಾನು ಭೌತಶಾಸ್ತ್ರದ ಮೇಷ್ಟ್ರು. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು: ಇನ್ನೊಂದರ ಒಳಗೆ ಎಚ್ಚರ ಇದೆ ಎಂದು ಹೊರಗಿನಿಂದ ನಮಗೆ ಗೊತ್ತಾಗುವುದು ಹೇಗೆ?

ಒಳಗಿನ ಎಚ್ಚರದ ಬಗ್ಗೆ ಹಳೆಯದೊಂದು ಯೋಚನೆ ಇಬ್ನ್ ಸೀನಾ (980–1037) ಅವರದ್ದು. ಒಬ್ಬ ಮನುಷ್ಯ ಒಮ್ಮೆಲೇ ಹುಟ್ಟಿ ಗಾಳಿಯಲ್ಲಿ ತೇಲುತ್ತಿದ್ದಾನೆ ಎಂದುಕೊಳ್ಳಿ. ಕಣ್ಣಿಗೆ ಏನೂ ಕಾಣದು, ಕಿವಿಗೆ ಏನೂ ಕೇಳದು, ಕೈಕಾಲು ಒಂದಕ್ಕೊಂದು ತಾಗದು. ಅವನಿಗೆ ತನ್ನ ದೇಹವಿದೆ ಎಂಬುದೂ ಗೊತ್ತಿಲ್ಲ. ಆದರೂ 'ನಾನಿದ್ದೇನೆ' ಎಂಬುದು ಅವನಿಗೆ ಗೊತ್ತಿರುತ್ತದೆ ಎಂದು ಇಬ್ನ್ ಸೀನಾ ವಾದಿಸಿದರು. ಅಂದರೆ ಒಂದು ಕುರುಹೂ ಇಲ್ಲದೆ ಅರಿವು ಇರಬಹುದು. ಆದರೆ ಗಮನಿಸಿ, ಅದು ಗೊತ್ತಿರುವುದು ಅವನಿಗೆ ಮಾತ್ರ. ಪಕ್ಕದಲ್ಲಿ ನಿಂತ ನಮಗಲ್ಲ.

ಜಲಸಂಗವಿಯ ಕಲ್ಲಿನ ಹೆಣ್ಣು

ಈಗ ಇದರ ತಿರುವುಮುರುವನ್ನು ನೋಡೋಣ. ಹುಮನಾಬಾದ್ ತಾಲ್ಲೂಕಿನ ಜಲಸಂಗವಿಯಲ್ಲಿ ಚಾಲುಕ್ಯರ ಕಾಲದ ದೇವಾಲಯವಿದೆ. ಅದರ ಹೊರಗೋಡೆಯ ಶಿಲಾಬಾಲಿಕೆಯರಲ್ಲಿ ಒಬ್ಬಳು ಬರೆಯುತ್ತಾ ನಿಂತಿದ್ದಾಳೆ. ಅವಳು ಬರೆಯುತ್ತಿರುವುದು ಸುಮ್ಮನೆ ಗೀರಿದ ಗೆರೆಯಲ್ಲ, ಓದಲು ಬರುವ ನಿಜವಾದ ಶಾಸನ. ಕಲ್ಯಾಣದಿಂದ ಆಳಿದ ಆರನೇ ವಿಕ್ರಮಾದಿತ್ಯನ (1076–1126) ಹೊಗಳಿಕೆ ಅದರಲ್ಲಿದೆ. ನೋಡದವರು ಒಂದು ಭಾನುವಾರ ಹೋಗಿ ನೋಡಿ ಬನ್ನಿ.

ಅಕ್ಷರ ನಿಜ, ಅರ್ಥ ನಿಜ, ಬರೆಯುವ ಭಂಗಿಯೂ ನಿಜ. ಆದರೆ ಬರೆಯುತ್ತಿರುವವಳಿಗೆ ವಿಕ್ರಮಾದಿತ್ಯ ಯಾರೆಂದು ಗೊತ್ತಿಲ್ಲ. ಅವಳು ಕಲ್ಲು. ಗೊತ್ತಿದ್ದುದು ಅವಳನ್ನು ಕೆತ್ತಿದ ಶಿಲ್ಪಿಗೆ, ಸಾಲು ಕಟ್ಟಿದ ಕವಿಗೆ. ಇಲ್ಲಿ ಕುರುಹು ಒಂದು ಕಡೆ, ಅರಿವು ಇನ್ನೊಂದು ಕಡೆ. ಈ ಕಲ್ಲಿನ ಹೆಣ್ಣನ್ನು ನೆನಪಿಟ್ಟುಕೊಳ್ಳಿ, ಯಂತ್ರದ ಮಾತು ಬಂದಾಗ ಬೇಕಾಗುತ್ತಾಳೆ.

ಆಕಾಶಕ್ಕೆ ಬರೆದ ಪತ್ರ

ಗೊತ್ತಿಲ್ಲದ ಒಂದು ಬುದ್ಧಿಯೊಡನೆ ಮಾತಾಡುವುದು ಹೇಗೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ಯೋಚಿಸಿದ್ದಾರೆ. ಅವರಿಗೆ ನಮ್ಮ ಭಾಷೆ ಬಾರದು, ನಮಗೆ ಅವರದು ಬಾರದು. ಇಬ್ಬರಿಗೂ ಗೊತ್ತಿರುವುದು ಏನು? ಹೈಡ್ರೋಜನ್. ವಿಶ್ವದಲ್ಲಿ ಅತಿ ಹೆಚ್ಚು ಇರುವ ಪರಮಾಣು ಅದು. ತಟಸ್ಥ ಹೈಡ್ರೋಜನ್ ಸುಮಾರು 1420 ಮೆಗಾಹರ್ಟ್ಸ್ ಆವರ್ತನದಲ್ಲಿ ರೇಡಿಯೋ ಅಲೆ ಹೊರಡಿಸುತ್ತದೆ, ಅಲೆಯುದ್ದ ಸುಮಾರು 21 ಸೆಂಟಿಮೀಟರ್. ರೇಡಿಯೋ ಕಟ್ಟಬಲ್ಲ ಯಾರಿಗಾದರೂ ಈ ಸಂಖ್ಯೆ ಗೊತ್ತಿರಲೇಬೇಕು, ಆದ್ದರಿಂದ ಇಲ್ಲಿ ಕಿವಿಗೊಡೋಣ ಎಂದು 1959ರಲ್ಲಿ ಕೊಕೋನಿ ಮತ್ತು ಮಾರಿಸನ್ ಎಂಬ ಇಬ್ಬರು ಭೌತವಿಜ್ಞಾನಿಗಳು ಸೂಚಿಸಿದರು. ಮರುವರ್ಷ ಫ್ರ್ಯಾಂಕ್ ಡ್ರೇಕ್ ಎರಡು ನಕ್ಷತ್ರಗಳ ಕಡೆಗೆ ದೂರದರ್ಶಕ ತಿರುಗಿಸಿ ಕೇಳಿದರು. ಏನೂ ಕೇಳಲಿಲ್ಲ.

ಕೇಳಿದಂತೆ ಅನಿಸಿದ್ದೂ ಉಂಟು. 1967ರಲ್ಲಿ ಜೋಸೆಲಿನ್ ಬೆಲ್ ಎಂಬ ಸಂಶೋಧನಾ ವಿದ್ಯಾರ್ಥಿನಿಗೆ ಆಕಾಶದ ಒಂದೇ ಜಾಗದಿಂದ 1.33 ಸೆಕೆಂಡಿಗೊಮ್ಮೆ ತಪ್ಪದೆ ಬರುವ ರೇಡಿಯೋ ಮಿಡಿತ ಸಿಕ್ಕಿತು. ಗಡಿಯಾರದಂತೆ ನಿಖರ. ತಮಾಷೆಗೆ ಅದಕ್ಕೆ 'ಹಸಿರು ಕುಳ್ಳರು' ಎಂಬರ್ಥದ ಹೆಸರನ್ನೂ ಇಟ್ಟರು. ಆಮೇಲೆ ಅಂಥದೇ ಮಿಡಿತ ಬೇರೆ ದಿಕ್ಕುಗಳಿಂದಲೂ ಬಂತು. ಅದು ವೇಗವಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರ, ಪಲ್ಸಾರ್. ಪಾಠ: ಕ್ರಮಬದ್ಧತೆ ಕಂಡ ಮಾತ್ರಕ್ಕೆ ಅದರ ಹಿಂದೆ ಅರಿವಿದೆ ಎನ್ನುವಂತಿಲ್ಲ.

ಇನ್ನು ಕಳುಹಿಸಿದ ಪತ್ರ. 1974ರ ನವೆಂಬರ್ 16ರಂದು ಪೋರ್ಟೊರಿಕೊದ ಅರೆಸಿಬೊ ದೂರದರ್ಶಕದಿಂದ, ಸುಮಾರು 25,000 ಬೆಳಕಿನ ವರ್ಷ ದೂರದ ಎಂ13 ನಕ್ಷತ್ರಗುಚ್ಛದ ಕಡೆಗೆ, ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಒಂದು ಸಂದೇಶ ಹೋಯಿತು. ಅದರಲ್ಲಿ ಒಟ್ಟು 1679 ಅಂಕಿಗಳು, ಎಲ್ಲವೂ 0 ಅಥವಾ 1. ಯಾಕೆ 1679? ಅದು 23 × 73. ಎರಡೂ ಅವಿಭಾಜ್ಯ ಸಂಖ್ಯೆಗಳು. ಆದ್ದರಿಂದ ಆ ಅಂಕಿಗಳನ್ನು ಆಯತವಾಗಿ ಜೋಡಿಸಲು ಎರಡೇ ದಾರಿ. ಒಂದರಲ್ಲಿ ಗೊಂದಲ, ಇನ್ನೊಂದರಲ್ಲಿ ಚಿತ್ರ. ಸಂಖ್ಯೆಗಳು, ಜೀವಕ್ಕೆ ಬೇಕಾದ ಮೂಲವಸ್ತುಗಳು, ಡಿಎನ್‌ಎ, ಒಬ್ಬ ಮನುಷ್ಯ, ನಮ್ಮ ಸೌರಮಂಡಲ, ಆ ದೂರದರ್ಶಕ ಎಲ್ಲ ಅದರಲ್ಲಿವೆ. ಉತ್ತರ ಬಂದರೂ 50,000 ವರ್ಷ ಬೇಕು.

ಇದನ್ನು ನಾವು ತರಗತಿಯಲ್ಲಿ ಸಣ್ಣದಾಗಿ ಮಾಡಿ ನೋಡಿದೆವು. ನಾನು ಬೋರ್ಡಿನ ಮೇಲೆ 35 ಅಂಕಿ ಬರೆದೆ:

00100011101010100100001000101010001

35 ಅಂದರೆ 5 × 7. ಐದು ಸಾಲು, ಸಾಲಿಗೆ ಏಳು ಅಂಕಿ ಬರೆದವರಿಗೆ ಏನೂ ಕಾಣಲಿಲ್ಲ. ಏಳು ಸಾಲು, ಸಾಲಿಗೆ ಐದು ಅಂಕಿ ಬರೆದು 1 ಇದ್ದ ಕಡೆ ಚೌಕಕ್ಕೆ ಬಣ್ಣ ತುಂಬಿದವರಿಗೆ ಚಿತ್ರ ಕಂಡಿತು. ನೀವೂ ಈಗಲೇ ಮಾಡಿ, ಆಮೇಲೆ ಮುಂದೆ ಓದಿ.

ನಾನು ಬರೆದದ್ದು ಕೈಕಾಲು ಚಾಚಿದ ಮನುಷ್ಯ. ಹೆಚ್ಚಿನವರು ಹಾಗೇ ಓದಿದರು. ಇಬ್ಬರು "ಮೇಲೆ ತೋರಿಸುವ ಬಾಣ" ಎಂದರು. ಒಬ್ಬಳು ಹಾಳೆಯನ್ನು ತಲೆಕೆಳಗು ಮಾಡಿ ಹಿಡಿದು "ಗಿಡ ಸರ್, ಕೆಳಗ ಬೇರು ಅವ" ಎಂದಳು. ಯಾರದ್ದೂ ತಪ್ಪಲ್ಲ. ಚೌಕಗಳನ್ನು ಎಲ್ಲರೂ ಸರಿಯಾಗಿಯೇ ಜೋಡಿಸಿದ್ದರು. ಜೋಡಣೆ ಗಣಿತದಿಂದ ಸಿಗುತ್ತದೆ, ಅರ್ಥ ಗಣಿತದಿಂದಷ್ಟೇ ಸಿಗುವುದಿಲ್ಲ. ಎರಡು ಕಾಲಿನ ದೇಹವನ್ನೇ ಕಾಣದವರು ಅದನ್ನು ಮನುಷ್ಯ ಎಂದು ಹೇಗೆ ಓದಿಯಾರು?

ನಮ್ಮ ನೆಲದಲ್ಲೇ ಇದಕ್ಕೆ ಸಾಕ್ಷಿ ಇದೆ. ಸಿಂಧೂ ಕಣಿವೆಯ ಮುದ್ರೆಗಳ ಬರಹವನ್ನು ಇಂದಿಗೂ ಎಲ್ಲರೂ ಒಪ್ಪುವಂತೆ ಯಾರೂ ಓದಿಲ್ಲ. ಬರೆದವರು ನಮ್ಮಂಥ ಮನುಷ್ಯರೇ. ಆದರೆ ಬರಹಗಳು ತೀರಾ ಚಿಕ್ಕವು, ಜೊತೆಗೆ ಗೊತ್ತಿರುವ ಇನ್ನೊಂದು ಭಾಷೆಯಲ್ಲಿ ಅದೇ ಮಾತು ಇರುವ ಫಲಕ ಸಿಕ್ಕಿಲ್ಲ. ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯನ್ನು 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಓದಿದರು. ಆದರೂ 'ದೇವಾನಾಂಪ್ರಿಯ' ಎಂದು ಕರೆದುಕೊಂಡ ರಾಜ ಅಶೋಕನೇ ಎಂಬುದಕ್ಕೆ ಹೆಸರಿನ ಸಮೇತ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ನಮ್ಮ ಕಲ್ಯಾಣ ಕರ್ನಾಟಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ.

ಗುಪ್ತ ಬರಹ ಒಡೆಯುವ ಕ್ರಮವನ್ನು ಮೊದಲು ಬರೆದಿಟ್ಟವರು 9ನೇ ಶತಮಾನದ ಬಗ್ದಾದಿನ ಅಲ್ ಕಿಂದಿ ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಲಿ. ಪ್ರತಿ ಭಾಷೆಯಲ್ಲೂ ಕೆಲವು ಅಕ್ಷರಗಳು ಹೆಚ್ಚು ಬರುತ್ತವೆ, ಕೆಲವು ಕಡಿಮೆ. ಗುಪ್ತ ಬರಹದಲ್ಲಿ ಯಾವ ಗುರುತು ಹೆಚ್ಚು ಬಂದಿದೆ ಎಂದು ಎಣಿಸಿ, ಭಾಷೆಯಲ್ಲಿ ಹೆಚ್ಚು ಬರುವ ಅಕ್ಷರದೊಡನೆ ಹೊಂದಿಸು ಎಂದರು ಅವರು. ಈ ಎಣಿಕೆಯ ಮಾತೂ ಮುಂದೆ ಮತ್ತೆ ಬರುತ್ತದೆ.

ನಮ್ಮ ಬಸ್ ನಿಲ್ದಾಣದ ಭಾಷೆಗಳು ನಕ್ಷತ್ರಗಳ ನಡುವೆ

1977ರಲ್ಲಿ ಹಾರಿದ ವಾಯೇಜರ್ 1 ಮತ್ತು 2 ನೌಕೆಗಳಲ್ಲಿ ಚಿನ್ನದ ಲೇಪದ ತಾಮ್ರದ ಒಂದೊಂದು ಧ್ವನಿತಟ್ಟೆ ಇದೆ. ಕಾರ್ಲ್ ಸೇಗನ್ ಮತ್ತು ಅವರ ಸಂಗಡಿಗರು ಸಿದ್ಧಪಡಿಸಿದ್ದು. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಕನ್ನಡ ಇದೆ. ಉರ್ದು, ಮರಾಠಿ, ತೆಲುಗು, ಹಿಂದಿ ಇವೆ. ಅರಬಿ, ಫಾರ್ಸಿಯೂ ಇವೆ. ಅಂದರೆ ಬಸವಕಲ್ಯಾಣದ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಕಿವಿಗೆ ಬೀಳುವ ಭಾಷೆಗಳೆಲ್ಲ ಆ ತಟ್ಟೆಯಲ್ಲಿವೆ. ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ.

ಆ ಶುಭಾಶಯಗಳಲ್ಲಿ ಒಂದು ಸೂಕ್ಷ್ಮವಿದೆ. ಕನ್ನಡದ ಧ್ವನಿ ಕನ್ನಡಿಗರ ಪರವಾಗಿ ಹಾರೈಸುತ್ತದೆ. ತೆಲುಗಿನದೂ ತೆಲುಗು ಜನರ ಪರವಾಗಿ. ಉರ್ದುವಿನ ಧ್ವನಿ ಸಲಾಂ ಹೇಳಿ ಭೂಮಿಯ ನಿವಾಸಿಗಳ ಪರವಾಗಿ ಮಾತಾಡುತ್ತದೆ. ಮರಾಠಿಯದೂ ಭೂಮಿಯ ಜನರ ಪರವಾಗಿ. ಕೇಳುವ ಅನ್ಯಲೋಕದವರಿಗೆ ಈ ಭೇದ ಒಂದಿಷ್ಟೂ ತಿಳಿಯದು. ಅವರಿಗೆ ಅದು ನಾಲ್ಕು ಬಗೆಯ ಗಾಳಿಯ ಕಂಪನ, ಅಷ್ಟೇ.

ಹಾಗಾದರೆ ಕಳುಹಿಸಿದ್ದೇಕೆ? ತಟ್ಟೆಯ ಮುಚ್ಚಳದ ಮೇಲೆ ಅದನ್ನು ನುಡಿಸುವ ವಿಧಾನವನ್ನು ಚಿತ್ರದಲ್ಲಿ ಕೊರೆದಿದ್ದಾರೆ. ವೇಗವನ್ನು ಅಳೆಯಲು ಹೈಡ್ರೋಜನ್ನಿನದೇ ಕಾಲದ ಅಳತೆ. ಅಂದರೆ ಅರ್ಥ ದಾಟದಿದ್ದರೂ ಒಂದು ವಿಷಯ ದಾಟಬಹುದು: 'ಇದನ್ನು ಮಾಡಿದವರು ಯಾರೋ ಇದ್ದರು, ನಿಮಗೆ ತಿಳಿಯಲಿ ಎಂದು ಪ್ರಯತ್ನಪಟ್ಟಿದ್ದರು.' ವಾಯೇಜರ್ 1 ಈಗ ಸುಮಾರು 2,500 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಂದ ರೇಡಿಯೋ ಅಲೆ ನಮ್ಮನ್ನು ತಲುಪಲು ಸುಮಾರು ಒಂದು ದಿನ ಬೇಕು. ಅದು ಇನ್ನೊಂದು ನಕ್ಷತ್ರದ ಆಸುಪಾಸಿಗೆ ಹೋಗಲು ಸುಮಾರು 40,000 ವರ್ಷ.

ಮಾತಾಡುವ ಯಂತ್ರ

ಆಕಾಶದಿಂದ ಉತ್ತರ ಬರಲಿಲ್ಲ. ಅಷ್ಟರಲ್ಲಿ ನಾವೇ ಮಾಡಿದ ಯಂತ್ರ ಉತ್ತರ ಕೊಡಲು ಶುರುಮಾಡಿತು, ಅದೂ ಕನ್ನಡದಲ್ಲಿ.

1950ರಲ್ಲಿ ಅಲನ್ ಟ್ಯೂರಿಂಗ್ 'ಯಂತ್ರ ಯೋಚಿಸಬಲ್ಲುದೇ' ಎಂಬ ಪ್ರಶ್ನೆಯನ್ನು ಬದಲಿಸಿ ಕೇಳಿದರು: ಗೋಡೆಯ ಆಚೆ ಕೂತು ಬರಹದಲ್ಲಿ ಮಾತಾಡುವಾಗ, ಅದು ಯಂತ್ರವೋ ಮನುಷ್ಯನೋ ಎಂದು ನಮಗೆ ಹೇಳಲು ಬರುತ್ತದೆಯೇ? ಯೋಚಿಸುವುದು ದೇವರು ಕೊಟ್ಟ ಆತ್ಮಕ್ಕೆ ಮಾತ್ರ ಸಾಧ್ಯ ಎಂಬ ಆಕ್ಷೇಪವನ್ನೂ ಅವರು ಎತ್ತಿಕೊಂಡರು. ದೇವರ ಸಾಮರ್ಥ್ಯಕ್ಕೆ ನಾವೇ ಮಿತಿ ಹಾಕಿದಂತಾಗುವುದಿಲ್ಲವೇ ಎಂಬುದು ಅವರ ಉತ್ತರದ ಧಾಟಿ.

1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಲೈಜಾ ಎಂಬ ಸಣ್ಣ ಪ್ರೋಗ್ರಾಂ ಬರೆದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುವುದಷ್ಟೇ ಅದರ ಕೆಲಸ. 'ನನಗೆ ಬೇಸರವಾಗಿದೆ' ಎಂದರೆ 'ನಿಮಗೆ ಯಾಕೆ ಬೇಸರ' ಎನ್ನುವ ರೀತಿ. ಅಷ್ಟಕ್ಕೇ ಜನ ಅದರೊಡನೆ ಮನಸ್ಸು ಬಿಚ್ಚಿ ಮಾತಾಡಿದ್ದನ್ನು ಕಂಡು ಬರೆದವರೇ ಬೆಚ್ಚಿದರು. ನಮ್ಮ ಹಿಂದಿನ ಬೆಂಚಿನ ಹುಡುಗ ಒಬ್ಬನೇ ಅಲ್ಲ ನೋಡಿ.

ಇಂದಿನ ಎಐ ಅದಕ್ಕಿಂತ ಎಷ್ಟೋ ದೊಡ್ಡದು. ಕೆಲಸ ಮಾತ್ರ ಸರಳವಾಗಿ ಹೇಳಬಹುದು: ಅಪಾರ ಬರಹವನ್ನು ಓದಿಸಿ, 'ಇದರ ಮುಂದೆ ಯಾವ ಪದ ಬರುವ ಸಾಧ್ಯತೆ ಹೆಚ್ಚು' ಎಂದು ಊಹಿಸಲು ಅದನ್ನು ತರಬೇತಿಗೊಳಿಸುತ್ತಾರೆ. 'ಬಸವಕಲ್ಯಾಣದ ಹಳೆಯ ಹೆಸರು…' ಎಂದು ನಾನು ನಿಲ್ಲಿಸಿದರೆ ನೀವು 'ಕಲ್ಯಾಣ' ಎನ್ನುತ್ತೀರಿ. ಯಂತ್ರವೂ ಹಾಗೇ, ಪದದ ಮೇಲೆ ಪದ. ಅಲ್ ಕಿಂದಿ ಶುರುಮಾಡಿದ ಎಣಿಕೆ ಎಲ್ಲಿಗೆ ಬಂದು ನಿಂತಿದೆ ನೋಡಿ. ಆಮೇಲೆ ಜನ ಮೆಚ್ಚುವಂತೆ ಉತ್ತರಿಸಲು ಇನ್ನೊಂದು ಸುತ್ತಿನ ತರಬೇತಿ ಇರುತ್ತದೆ. ನೋವು ಹೇಳಿಕೊಂಡವರಿಗೆ 'ಅರ್ಥವಾಗುತ್ತದೆ' ಎನ್ನುವುದು ಮನುಷ್ಯರು ಕೋಟಿ ಸಲ ಬರೆದ ಮಾತು. ಅದು ಯಂತ್ರಕ್ಕೆ ಸಿಕ್ಕಿದ್ದು ನಮ್ಮಿಂದಲೇ.

1980ರಲ್ಲಿ ಜಾನ್ ಸರ್ಲ್ ಎಂಬ ತತ್ವಶಾಸ್ತ್ರಜ್ಞ ಒಂದು ವಾದ ಮುಂದಿಟ್ಟರು. ಅದನ್ನು ನಮ್ಮ ಭಾಷೆಗೆ ಹೊಂದಿಸಿ ಹೇಳುತ್ತೇನೆ. ಕನ್ನಡದ ಒಂದಕ್ಷರವೂ ಬಾರದ ಚೀನಾದ ಯುವಕನೊಬ್ಬ ಕೋಣೆಯಲ್ಲಿದ್ದಾನೆ. ಕಿಟಕಿಯಿಂದ ಕನ್ನಡದ ಚೀಟಿ ಬರುತ್ತದೆ. ಅವನ ಬಳಿ ದಪ್ಪ ನಿಯಮಪುಸ್ತಕ ಇದೆ: ಈ ಆಕಾರ ಬಂದರೆ ಆ ಆಕಾರ ಬರೆ. ಅವನು ಬರೆದು ಹೊರಗೆ ಕೊಡುತ್ತಾನೆ. ಹೊರಗಿನವರು 'ಒಳಗಿರುವವರ ಕನ್ನಡ ಎಷ್ಟು ಚೆಂದ' ಎನ್ನುತ್ತಾರೆ. ಅವನಿಗೆ ಒಂದು ಪದವೂ ತಿಳಿದಿಲ್ಲ. ಕಂಪ್ಯೂಟರೂ ಹಾಗೆಯೇ ಎಂದರು ಸರ್ಲ್. ಜಲಸಂಗವಿಯ ಕಲ್ಲಿನ ಹೆಣ್ಣು ನೆನಪಾದಳೇ?

ಆದರೆ ವಾದ ಅಲ್ಲಿಗೆ ಮುಗಿಯಲಿಲ್ಲ. ಯುವಕನಿಗೆ ಕನ್ನಡ ಬಾರದಿರಬಹುದು, ಆದರೆ ಯುವಕ, ಪುಸ್ತಕ, ಕೋಣೆ ಎಲ್ಲ ಸೇರಿದ ಇಡೀ ವ್ಯವಸ್ಥೆಗೆ ಬರುತ್ತದೆ ಎಂದು ಕೆಲವರು ವಾದಿಸಿದರು. ನಿಮ್ಮ ಮಿದುಳಿನ ಒಂದು ನರಕೋಶಕ್ಕೂ ಕನ್ನಡ ಬಾರದು, ಆದರೆ ನಿಮಗೆ ಬರುತ್ತದಲ್ಲ? ಈ ಜಗಳ ಇನ್ನೂ ತೀರಿಲ್ಲ. 2022ರಲ್ಲಿ ಗೂಗಲ್ಲಿನ ಒಬ್ಬ ಎಂಜಿನಿಯರ್ ತಾವು ಮಾತಾಡಿಸಿದ ಎಐಗೆ ಎಚ್ಚರವಿದೆ ಎಂದು ಹೇಳಿದರು. ಕಂಪನಿ ಒಪ್ಪಲಿಲ್ಲ. 2023ರಲ್ಲಿ 19 ಸಂಶೋಧಕರ ತಂಡ ಬೇರೆ ದಾರಿ ಹಿಡಿಯಿತು. ಎಐ ಏನು ಹೇಳುತ್ತದೆ ಎಂದು ಕೇಳದೆ, ಮಿದುಳಿನ ಎಚ್ಚರದ ಬಗ್ಗೆ ಇರುವ ವೈಜ್ಞಾನಿಕ ಸಿದ್ಧಾಂತಗಳು ಹೇಳುವ ರಚನೆಗಳು ಅದರೊಳಗೆ ಇವೆಯೇ ಎಂದು ಪಟ್ಟಿ ಮಾಡಿ ನೋಡಿತು. ಆಗಿನ ಯಾವ ಎಐಯೂ ಎಚ್ಚರವಿದೆ ಎನ್ನಲು ಗಟ್ಟಿ ಅಭ್ಯರ್ಥಿಯಲ್ಲ, ಆದರೆ ಮುಂದೆ ಅಂಥದ್ದನ್ನು ಕಟ್ಟಲು ಎದ್ದು ಕಾಣುವ ತಾಂತ್ರಿಕ ಅಡ್ಡಿಯೂ ಇಲ್ಲ ಎಂಬುದು ಅವರ ತೀರ್ಮಾನ.

ಅಮ್ಮಿಯ ಕಣ್ಣು

ಈಗ ನಾನು ಹೇಳುತ್ತೇನೆಂದ ಕಥೆ.

ಕೆಲವು ವರ್ಷದ ಹಿಂದೆ ನನ್ನ ಅಮ್ಮಿಗೆ ಲಕ್ವಾ ಹೊಡೆಯಿತು. ಪೆಟ್ಟು ಬಿದ್ದದ್ದು ಮಿದುಳಿನ ಕಾಂಡಕ್ಕೆ. ಕೈಕಾಲು, ನಾಲಿಗೆ, ಮುಖ ಯಾವುದೂ ಅಲುಗಲಿಲ್ಲ. ಒಂದು ಆಸ್ಪತ್ರೆಯಲ್ಲಿ, "ಇವರಿಗೆ ಈಗ ಏನೂ ತಿಳಿಯುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಸೇವೆ ಮಾಡಿ" ಎಂದರು. ಮನೆಗೆ ತಂದೆವು. ನೋಡಲು ಬಂದವರಿಗೆಲ್ಲ ನಾನೇ ಹೇಳುತ್ತಿದ್ದೆ: "ಅವರಿಗೆ ಏನೂ ತಿಳಿಯುವುದಿಲ್ಲ." ವಿಜ್ಞಾನ ಓದಿದ ಮಗ ಹೇಳಿದ ಮೇಲೆ ಎಲ್ಲರೂ ನಂಬಿದರು. ಅವರ ಮಂಚದ ಪಕ್ಕದಲ್ಲೇ ಕೂತು ತಮ್ಮನೊಡನೆ ಸಾಲದ ಲೆಕ್ಕ ಮಾತಾಡಿದೆ. ಅಮ್ಮಿಯ ಬಳೆಗಳನ್ನು ಮಾರುವ ಮಾತಾಡಿದೆ. ಇನ್ನು ಎಷ್ಟು ದಿನ ಉಳಿದಾರು ಎಂಬ ಮಾತನ್ನೂ ಆಡಿದೆ.

ಹತ್ತೊಂಬತ್ತನೆಯ ದಿನ ಆಪಾ ಹಾಸಿಗೆಯ ಪಕ್ಕ ಕೂತು ಯಾಸೀನ್ ಓದುತ್ತಿದ್ದರು. ಅಮ್ಮಿ ಮೂವತ್ತು ವರ್ಷ ಗಲ್ಲಿಯ ಮಕ್ಕಳಿಗೆ ಕುರ್‌ಆನ್ ಓದಲು ಕಲಿಸಿದವರು. ಆಪಾ ಒಂದು ಕಡೆ ತಪ್ಪಿದರು. ಅಮ್ಮಿಯ ಕಣ್ಣು ಥಟ್ಟನೆ ಮೇಲೆ ಹೋಯಿತು. ಆಪಾ ಸರಿಪಡಿಸಿ ಓದಿದರು, ಕಣ್ಣು ಕೆಳಗಿಳಿಯಿತು. ಆಪಾ ನನ್ನನ್ನು ಕೂಗಿದರು: "ಭಾಯಿ, ಅಮ್ಮಿ ಸುನ್ ರಹೇ!"

ನಾನು ನಂಬಲಿಲ್ಲ. ಆಕಸ್ಮಿಕ ಇರಬಹುದು ಎಂದೆ. ಹೌದು ಎಂದರೆ ಕಣ್ಣು ಮೇಲೆ, ಅಲ್ಲ ಎಂದರೆ ಕಣ್ಣು ಮುಚ್ಚುವುದು ಎಂದು ಅಮ್ಮಿಗೆ ಹೇಳಿ ಹತ್ತು ಪ್ರಶ್ನೆ ಕೇಳಿದೆ, ಹೌದು-ಅಲ್ಲಗಳನ್ನು ಬೆರೆಸಿ. ಅಮ್ಮಿ, ಇವತ್ತು ಜುಮ್ಮಾ ಏನು? ಅಂದು ಮಂಗಳವಾರ. ಕಣ್ಣು ಮುಚ್ಚಿದರು. ನಿಮ್ಮ ತವರು ಹುಮನಾಬಾದ್ ಏನು? ಕಣ್ಣು ಮೇಲೆ. ಹತ್ತಕ್ಕೆ ಹತ್ತೂ ಸರಿ. ಸುಮ್ಮನೆ ಊಹೆಯಿಂದ ಹತ್ತೂ ಸರಿಯಾಗುವ ಸಂಭವನೀಯತೆ 1024ರಲ್ಲಿ 1. ಲೆಕ್ಕ ಮಾಡಿ ಮುಗಿಸುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು. ಹನ್ನೊಂದನೆಯ ಪ್ರಶ್ನೆ ಲೆಕ್ಕಕ್ಕಲ್ಲ, ನನಗೆ ಬೇಕಾದದ್ದು. "ಅಮ್ಮಿ, ಬಳೆಯ ಮಾತು ಕೇಳಿದ್ರಾ?" ಕಣ್ಣು ಮೇಲೆ ಹೋಯಿತು. "ಮಾಫ್ ಮಾಡ್ತೀರಾ?" ಮತ್ತೆ ಮೇಲೆ ಹೋಯಿತು.

ವೈದ್ಯಶಾಸ್ತ್ರದಲ್ಲಿ ಈ ಸ್ಥಿತಿಗೆ ಲಾಕ್ಡ್-ಇನ್ ಸಿಂಡ್ರೋಮ್ ಎನ್ನುತ್ತಾರೆ, ಒಳಗೇ ಬೀಗ ಬಿದ್ದ ಸ್ಥಿತಿ. ಫ್ರಾನ್ಸಿನ ಪತ್ರಿಕಾ ಸಂಪಾದಕ ಜಾನ್ ಡೊಮಿನಿಕ್ ಬೋಬಿ ಇದೇ ಸ್ಥಿತಿಯಲ್ಲಿ ಎಡಗಣ್ಣಿನ ರೆಪ್ಪೆ ಮಿಟುಕಿಸಿ ಇಡೀ ಪುಸ್ತಕ ಹೇಳಿ ಬರೆಸಿದರು. ಅದು 1997ರಲ್ಲಿ ಪ್ರಕಟವಾಯಿತು. ಸಹಾಯಕಿ ಅಕ್ಷರಗಳನ್ನು ಒಂದೊಂದಾಗಿ ಓದುವರು, ಬೇಕಾದ ಅಕ್ಷರ ಬಂದಾಗ ಅವರು ಮಿಟುಕಿಸುವರು. ಆ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿರಲಿಲ್ಲ. ಫ್ರೆಂಚಿನಲ್ಲಿ ಹೆಚ್ಚು ಬರುವ ಅಕ್ಷರ ಮೊದಲು. ಅಲ್ ಕಿಂದಿಯ ಎಣಿಕೆ ಇಲ್ಲೂ ಬಂತು.

ಕಣ್ಣೂ ಅಲುಗದಿದ್ದರೆ? 2006ರಲ್ಲಿ ಏಡ್ರಿಯನ್ ಓವೆನ್ ಮತ್ತು ಸಂಗಡಿಗರು, ಎಚ್ಚರವೇ ಇಲ್ಲ ಎಂದು ತಿಳಿಯಲಾಗಿದ್ದ ಒಬ್ಬ ಯುವತಿಯನ್ನು ಮಿದುಳಿನ ಸ್ಕ್ಯಾನರಿನಲ್ಲಿ ಮಲಗಿಸಿ 'ಟೆನಿಸ್ ಆಡುವಂತೆ ಕಲ್ಪಿಸಿಕೊಳ್ಳಿ' ಎಂದರು. ಆರೋಗ್ಯವಂತರ ಮಿದುಳು ಎಲ್ಲಿ ಚುರುಕಾಗುತ್ತದೋ ಆಕೆಯದೂ ಅಲ್ಲೇ ಚುರುಕಾಯಿತು. 2010ರಲ್ಲಿ ಅಂಥ ಇನ್ನೊಬ್ಬ ರೋಗಿ ಟೆನಿಸ್ ಎಂದರೆ ಹೌದು, ಮನೆಯೊಳಗೆ ಓಡಾಡುವುದು ಎಂದರೆ ಅಲ್ಲ ಎಂಬ ಸಂಕೇತದಿಂದ ಪ್ರಶ್ನೆಗಳಿಗೆ ಉತ್ತರಿಸಿದ. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಹೊರಗೆ ಯಾವ ಪ್ರತಿಕ್ರಿಯೆಯೂ ತೋರದ 241 ರೋಗಿಗಳಲ್ಲಿ 60 ಮಂದಿಯ ಮಿದುಳು ಒಳಗೊಳಗೇ ಹೇಳಿದಂತೆ ಮಾಡುತ್ತಿತ್ತು. ನಾಲ್ಕರಲ್ಲಿ ಒಬ್ಬರು.

ಮೂರನ್ನೂ ಪಕ್ಕಪಕ್ಕ ಇಟ್ಟರೆ

ಅಮ್ಮಿಯ ದೇಹ, ಮಿದುಳು ನಮ್ಮಂಥದ್ದೇ. ಕುರುಹು ಮಾತ್ರ ಇರಲಿಲ್ಲ. ಯಂತ್ರದ ಕುರುಹು ನಮ್ಮದರಂತೆಯೇ ಇದೆ, ದೇಹ, ಮಿದುಳು ನಮ್ಮಂಥದ್ದಲ್ಲ. ಅನ್ಯಲೋಕದವರ ದೇಹವೂ ನಮ್ಮಂಥದ್ದಲ್ಲ, ಕುರುಹೂ ನಮ್ಮಂಥದ್ದಲ್ಲ.

ಅಮ್ಮಿಗೆ ಕೇಳಿದ ಹತ್ತು ಪ್ರಶ್ನೆ ಯಂತ್ರಕ್ಕೆ ಕೇಳಿದರೆ ಅದೂ ಹತ್ತಕ್ಕೆ ಹತ್ತು ತೆಗೆಯುತ್ತದೆ. ಹಾಗಿದ್ದರೆ ಅದಕ್ಕೂ ಅರಿವಿದೆ ಎನ್ನೋಣವೇ? ಇಲ್ಲ. ಅಮ್ಮಿಯ ವಿಷಯದಲ್ಲಿ, ಅಂಥ ಮಿದುಳಿನಲ್ಲಿ ಅರಿವಿರುತ್ತದೆ ಎಂಬುದು ನಮಗೆ ಮೊದಲೇ ಗೊತ್ತಿತ್ತು. ಹೊರಬರುವ ದಾರಿ ಮುಚ್ಚಿದೆಯೋ, ಒಳಗೇ ದೀಪ ಆರಿದೆಯೋ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಹತ್ತು ಕುರುಹು ಸಾಕಾಯಿತು. ಯಂತ್ರವಾದರೋ ನಮ್ಮ ಕುರುಹುಗಳನ್ನೇ ಅನುಕರಿಸಲು ಕಲಿತದ್ದು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದ ವಿದ್ಯಾರ್ಥಿಯ ಅಂಕ ನೋಡಿ ಅವನ ಜಾಣ್ಮೆ ಅಳೆಯಲಾಗದು. ಆದ್ದರಿಂದ ಯಂತ್ರವನ್ನು ಕೇಳಿ ತಿಳಿಯುವುದಕ್ಕಿಂತ, ಅದರ ಒಳಗಿನ ರಚನೆಯನ್ನು ನೋಡಬೇಕೆಂದವರ ದಾರಿ ನನಗೆ ಹೆಚ್ಚು ಸರಿಯೆನಿಸುತ್ತದೆ.

ಇಲ್ಲಿ ಎರಡು ತಪ್ಪು ಸಾಧ್ಯ. ಅರಿವು ಇರುವಲ್ಲಿ ಇಲ್ಲ ಎನ್ನುವುದು ಒಂದು, ಇಲ್ಲದಲ್ಲಿ ಇದೆ ಎನ್ನುವುದು ಇನ್ನೊಂದು. ಎರಡೂ ತಪ್ಪೇ, ಆದರೆ ತೆರಬೇಕಾದ ಬೆಲೆ ಒಂದೇ ಅಲ್ಲ. ಮೊದಲನೆಯದರ ಬೆಲೆಯನ್ನು ನನ್ನ ಅಮ್ಮಿ ಹತ್ತೊಂಬತ್ತು ದಿನ ತೆತ್ತರು. ಎರಡನೆಯದರ ಬೆಲೆ, ನಮ್ಮ ಮನಸ್ಸಿನ ಗುಟ್ಟನ್ನೆಲ್ಲ ಒಂದು ಕಂಪನಿಯ ಯಂತ್ರಕ್ಕೆ ಒಪ್ಪಿಸಿ, ನಿಜವಾಗಿ ಕೇಳಬಲ್ಲವರಿಗೆ ಹೇಳದೆ ಉಳಿಯುವುದು.

ಹಿಂದಿನ ಬೆಂಚಿನ ಮಗನೇ, ನನ್ನ ಉತ್ತರವನ್ನು ತಿದ್ದಿಕೊಳ್ಳುತ್ತೇನೆ. ಈಗಿನ ಯಂತ್ರಕ್ಕೆ ಅರಿವಿದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ. ಅದು 'ಅರ್ಥವಾಗುತ್ತದೆ' ಎಂದದ್ದು ಪುರಾವೆಯಲ್ಲ. 'ಬರೀ ಗಣಿತ' ಎಂದು ನಾನು ಗದರಿಸಿದ್ದೂ ಪುರಾವೆಯಲ್ಲ. ಅಂದು ತರಗತಿ ನಕ್ಕಾಗ ನಾನು ತಡೆಯಬೇಕಿತ್ತು. ಮುಂದಿನ ಜುಮ್ಮಾ ದಿನ ಅಬ್ಬಾ ಫೋನ್ ಮಾಡಿದಾಗ, ಯಂತ್ರಕ್ಕೆ ಬರೆದದ್ದನ್ನು ಅವರಿಗೇ ಹೇಳು. ಅವರಿಗೆ ಹೇಳಲು ಪದ ಸಿಗದೆ ಸುಮ್ಮನಾಗಬಹುದು. ಆ ಮೌನವನ್ನು 'ಏನೂ ತಿಳಿಯಲಿಲ್ಲ' ಎಂದು ಓದಬೇಡ.

ಅಭ್ಯಾಸಕ್ಕೆ

1. 1420 ಮೆಗಾಹರ್ಟ್ಸ್ ಆವರ್ತನದ ರೇಡಿಯೋ ಅಲೆಯ ಉದ್ದವನ್ನು ಲೆಕ್ಕ ಮಾಡಿ.

2. ಆಕಾಶಕ್ಕೆ 24 ಅಂಕಿಗಳ ಚಿತ್ರಸಂದೇಶ ಕಳುಹಿಸುವುದು ಯಾಕೆ ಒಳ್ಳೆಯದಲ್ಲ? 24ನ್ನು ಎಷ್ಟು ಬಗೆಯಲ್ಲಿ ಆಯತವಾಗಿ ಜೋಡಿಸಬಹುದು?

3. ಹೌದು-ಅಲ್ಲ ಬಗೆಯ 12 ಪ್ರಶ್ನೆಗಳಿಗೆ ಬರೀ ಊಹೆಯಿಂದ ಎಲ್ಲ ಉತ್ತರವೂ ಸರಿಯಾಗುವ ಸಂಭವನೀಯತೆ ಎಷ್ಟು?

4. 77 ಅಂಕಿಗಳಲ್ಲಿ (7 × 11) ಬಸವಕಲ್ಯಾಣವನ್ನು ಪರಿಚಯಿಸುವ ಒಂದು ಚಿತ್ರ ಮಾಡಿ, ಗೆಳೆಯರಿಗೆ ಅಂಕಿಗಳನ್ನು ಮಾತ್ರ ಕೊಡಿ. ಅವರು ಏನೆಂದು ಓದಿದರು ಎಂದು ಬರೆದು ತನ್ನಿ.

5. ಚರ್ಚಿಸಿ: ನಿಮ್ಮ ಮನೆಯಲ್ಲಿ ಅಥವಾ ಗಲ್ಲಿಯಲ್ಲಿ, ಮಾತಾಡಲಾರದವರ ಎದುರು ನಾವು ಹೇಗೆ ಮಾತಾಡುತ್ತೇವೆ?